ಟ್ಯೂಷನ್‌ಗೆ ಹಚ್ಚಿದರೆ ಸಾಕೇ?

ಮಾನ್ವಿ, ದೇವದುರ್ಗ ಕಡೆ ಸ್ವಸಹಾಯ ಸಂಘಗಳ ಸಭೆಗೆ ನಾವು ಹೋದಾಗ, ಉಳಿತಾಯ ಮತ್ತು ಸಾಲದ ಲೆಕ್ಕ ಮುಗಿದ ಮೇಲೆ ತಾಯಂದಿರು ಎತ್ತುವ ಮಾತು ಮಕ್ಕಳ ಓದಿನದು. "ಟೂಷನ್ನಿಗೆ ಹಚ್ಚೀವ್ರಿ ಸಿಸ್ಟರ್, ಆದ್ರೂ ತಲಿಗೆ ಹತ್ತವಲ್ದು" ಎನ್ನುತ್ತಾರೆ. ರಾಯಚೂರು ನಗರದ ಓಣಿಗಳಲ್ಲೂ ಇದೇ ಮಾತು. ಕೂಲಿಯ ಹಣದಲ್ಲಿ ಫೀಸು ಕಟ್ಟುವವರು ಇವರು. ಆ ಹಣ ದಂಡವಾಗಬಾರದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ, 9ನೇ ತರಗತಿ. ಎರಡು ವರ್ಷ ಟ್ಯೂಷನ್‌ಗೆ ಹೋದರೂ ಗಣಿತದಲ್ಲಿ ಪ್ರತಿ ಸಲ ಫೇಲು. "ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲಂದ್ರ ಮದುವಿ ಮಾಡಿಬಿಡ್ತೀನ್ರಿ" ಎಂದು ತಂದೆ ಹೇಳಿದ್ದರು. 18 ತುಂಬದೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ ಎಂದು ನಾವು ತಿಳಿಸಿದೆವು. ಆದರೆ ಕಾಯ್ದೆ ಹೇಳಿದ ಮಾತ್ರಕ್ಕೆ ಹುಡುಗಿ ಶಾಲೆಯಲ್ಲಿ ಉಳಿಯುವುದಿಲ್ಲ, ಅದು ನಮಗೂ ಗೊತ್ತು.

ಆಕೆಯ ಟ್ಯೂಷನ್ ನೋಟ್‌ಬುಕ್ ನೋಡಿದೆವು. ಮುತ್ತಿನಂಥ ಅಕ್ಷರ, ಬಹುಪದೋಕ್ತಿಯ ಲೆಕ್ಕಗಳೆಲ್ಲ ಸರಿ. ಏಕೆಂದರೆ ಎಲ್ಲವೂ ಬೋರ್ಡ್ ನೋಡಿ ಇಳಿಸಿಕೊಂಡದ್ದು! ಒಂದು ಹಾಳೆಯಲ್ಲಿ 402ರಿಂದ 178 ಕಳೆಯಲು ಕೊಟ್ಟೆವು. 376 ಎಂದು ಬರೆದಳು. ಯಾವ ಮನೆಯಲ್ಲಾದರೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೆದಿದ್ದಳು; ಪಕ್ಕದ ಮನೆಯಿಂದ ಸಾಲ ತರುವುದು ಆಕೆಗೆ ಬಂದಿರಲೇ ಇಲ್ಲ. ಆಮೇಲೆ ಕೇಳಿದೆವು: "ನಿನ್ನ ಹತ್ರ 402 ರೂಪಾಯಿ ಅದಾವ, ಕಿರಾಣಿ ಅಂಗಡ್ಯಾಗ 178 ಕೊಟ್ಟಿ, ಎಷ್ಟು ಉಳೀತು?" ತಡಮಾಡದೆ "ಇನ್ನೂರ ಇಪ್ಪತ್ನಾಕ್ರಿ" ಅಂದಳು.

ಅಂದರೆ ಹುಡುಗಿ ದಡ್ಡಿಯಲ್ಲ. ಗಂಟು ಬಿದ್ದದ್ದು ಕೆಳಗಿನ ತರಗತಿಯ ಕಳೆಯುವ ಲೆಕ್ಕದಲ್ಲಿ, ಟ್ಯೂಷನ್ ನಡೆದದ್ದು 9ನೇ ತರಗತಿಯ ಪಾಠದಲ್ಲಿ. ಹೀಗಾದರೆ ಎಷ್ಟು ವರ್ಷ ಫೀಸು ಕಟ್ಟಿದರೂ ಅಷ್ಟೇ. ಟ್ಯೂಷನ್ ಹೇಳುವ ಹುಡುಗನಿಗೆ ವಿಷಯ ತಿಳಿಸಿದೆವು. ಆತ ಒಳ್ಳೆಯವನೇ, ಯಾರೂ ಹೇಳಿರಲಿಲ್ಲ, ಅಷ್ಟೇ. ದಿನಾ ಮೊದಲ 20 ನಿಮಿಷ ನೋಟು ಚಿಲ್ಲರೆ ಇಟ್ಟುಕೊಂಡು ಹಳೆಯ ಲೆಕ್ಕ ಮಾಡಿಸತೊಡಗಿದ. ಮೊದಲು ಕೂಡಿಸುವುದು, ಕಳೆಯುವುದು, ಆಮೇಲೆ ಭಾಗಾಕಾರ. ಗಣಿತದಲ್ಲಿ ಈಗ ಪಾಸಿನ ಅಂಕ ಬರುತ್ತಿದೆ. ಮದುವೆಯ ಮಾತು ಸದ್ಯಕ್ಕೆ ನಿಂತಿದೆ.

ಆದ್ದರಿಂದ ಟ್ಯೂಷನ್‌ಗೆ ಹಚ್ಚುವಾಗ ಫೀಸೆಷ್ಟು ಎಂದಷ್ಟೇ ಕೇಳಬೇಡಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ನೋಟ್‌ಬುಕ್ ಯಾರು ತಿದ್ದುತ್ತಾರೆ, ಮಗು ತಾನೇ ಎಷ್ಟು ಲೆಕ್ಕ ಮಾಡುತ್ತದೆ, ಇವನ್ನೂ ಕೇಳಿ. ಬೇರೆಯವರು ರೊಟ್ಟಿ ಬಡಿಯುವುದನ್ನು ನೋಡಿದರೆ ನಮ್ಮ ಕೈಗೆ ಬಡಿಯಲು ಬರುತ್ತದೆಯೇ? ನಗರದಲ್ಲಿ ಒಂದೇ ಕೋಣೆಯಲ್ಲಿ ಐವತ್ತು ಮಕ್ಕಳನ್ನು ಕೂರಿಸಿ ಉತ್ತರ ಬರೆಸುವ ಟ್ಯೂಷನ್‌ಗಳೂ ಇವೆ. ಅದಕ್ಕಿಂತ ಓಣಿಯ ಡಿಗ್ರಿ ಓದುವ ಅಕ್ಕ ಐದಾರು ಮಕ್ಕಳಿಗೆ ಹೇಳಿಕೊಡುವುದು ನಮಗೆ ಮೇಲೆನಿಸುತ್ತದೆ. 'ಪಾಸಿಂಗ್ ಪ್ಯಾಕೇಜ್' ಬಾಯಿಪಾಠ ಕೊನೆಯ ತಿಂಗಳಿಗೆ ಇರಲಿ, ವರ್ಷವಿಡೀ ಬೇಡ.

ದೇವದುರ್ಗದ ಕಡೆ ಇನ್ನೊಂದು ತೊಂದರೆ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹದಿನೈದು ದಿನ ಶಾಲೆ ಬಿಡುತ್ತಾರೆ. ಬಿಡಿಸಬಾರದು ಎಂದು ಹೇಳುತ್ತಲೇ ಇದ್ದೇವೆ. ಒಂದು ವೇಳೆ ಬಿಟ್ಟಿದ್ದರೆ, ಯಾವ ಪಾಠ ತಪ್ಪಿತೆಂದು ಟ್ಯೂಷನ್‌ನಲ್ಲಿ ತಿಳಿಸಿ ಅಲ್ಲಿಂದಲೇ ಶುರು ಮಾಡಿಸಿ.

ಶಾಲೆಯ ಮೇಷ್ಟ್ರನ್ನು ಮರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ. ಆದರೆ ಶಾಲೆಯಲ್ಲಿ ಅವರನ್ನು ಕಂಡು "ನಮ್ಮ ಮಗು ಎಲ್ಲಿ ಹಿಂದೈತ್ರಿ?" ಎಂದು ಕೇಳಲು ದುಡ್ಡು ಬೇಕಿಲ್ಲ. ಅವರು ಹೇಳಿದ್ದನ್ನು ಟ್ಯೂಷನ್‌ನವರಿಗೆ ಮುಟ್ಟಿಸಿ.

"ನಮಗ ಓದಾಕ ಬರಂಗಿಲ್ರಿ, ನಾವೇನ್ ನೋಡೋಣು?" ಎನ್ನುವ ತಾಯಂದಿರೇ, ರಾತ್ರಿ ರೊಟ್ಟಿ ಮಾಡುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿ "ಇವತ್ತ ಏನ್ ಕಲ್ತಿ, ನನಗ ತಿಳಿಯೋ ಹಂಗ ಹೇಳು" ಎನ್ನಿ. ತಡವರಿಸಿದ ಜಾಗವನ್ನು ಮಗು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮರುದಿನ ಕೇಳಲಿ. ತಪ್ಪಿದ್ದಕ್ಕೆ ಬೈಯಬೇಡಿ, ಬೈದರೆ ಮುಚ್ಚಿಡುತ್ತದೆ.

ಮುಂದಿನ ಸಂಘದ ಸಭೆಗೆ ಬರುವಾಗ ಮಕ್ಕಳ ಟ್ಯೂಷನ್ ನೋಟ್‌ಬುಕ್ ತನ್ನಿ. ಕೂಡಿ ನೋಡೋಣ.