ಇಂಗ್ಲಿಷ್ ಪದಗಳ ಉಚ್ಚಾರಣೆ: ಒಂದು ವಿವೇಚನೆ

ಇಂಗ್ಲಿಷ್ ಬೋಧಿಸುವ ಅಧ್ಯಾಪಕರೆಲ್ಲರಿಗೂ ವಿದ್ಯಾರ್ಥಿಗಳಿಂದ ಆಗಾಗ ಎದುರಾಗುವ ಪ್ರಶ್ನೆಯೊಂದುಂಟು: "ಗುರುಗಳೇ, ಈ ಪದದ ಸರಿಯಾದ ಉಚ್ಚಾರಣೆ ಯಾವುದು?" ನೋಡಲು ಬಹು ಸರಳವಾದ ಪ್ರಶ್ನೆ. ಉತ್ತರ ಮಾತ್ರ ಅಷ್ಟು ಸರಳವಲ್ಲ. ಈ ಸತ್ಯವನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ಒಬ್ಬ ಹುಡುಗನಿಂದ ಕಲಿತೆ. ಆ ಸಂಗತಿಯನ್ನು ನಿವೇದಿಸಿ ವಿಷಯಕ್ಕೆ ಬರುತ್ತೇನೆ.

ನಾನು ವೃತ್ತಿಗೆ ಸೇರಿದ ಹೊಸತು. ಬೇರೊಂದು ಊರಿನ ಶಾಲೆ, ಎಂಟನೆಯ ತರಗತಿ. ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದ ಹಳ್ಳಿಯ ಬಾಲಕನೊಬ್ಬ ಪಾಠ ಓದುವಾಗ ಬುಧವಾರದ ಇಂಗ್ಲಿಷ್ ಹೆಸರನ್ನು 'ವೆಡ್ನೆಸ್‌ಡೇ' ಎಂದು ಅಕ್ಷರಶಃ ಓದಿದ. 'ವೆನ್ಸ್‌ಡೇ' ಎಂಬುದನ್ನು ಬಲ್ಲ ಪೇಟೆಯ ಮಕ್ಕಳು ಗೊಳ್ಳೆಂದು ನಕ್ಕರು. ನಾನು ಅವರನ್ನು ತಡೆಯಲಿಲ್ಲ. ನಿಜ ಹೇಳುವುದಾದರೆ ನಾನೂ ಮುಗುಳ್ನಕ್ಕೆ. ಆ ವರ್ಷವೆಲ್ಲ ಆ ಬಾಲಕ ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಬರೆದದ್ದನ್ನು ಬರೆದಂತೆಯೇ ಓದಿದ್ದಷ್ಟೇ ಅವನ ಅಪರಾಧ.

ಅವನು ಹಾಗೆ ಓದಿದ್ದು ಅಸಹಜವೇನಲ್ಲ. ಕನ್ನಡದಲ್ಲಿ ಬರೆದಂತೆ ಓದುವುದು, ಓದಿದಂತೆ ಬರೆಯುವುದು ಬಹುಮಟ್ಟಿಗೆ ಸಾಧ್ಯ. ನಮ್ಮ ಭಾಷೆಯ ಧ್ವನಿಗಳು ಬದಲಾಗಿಲ್ಲವೆಂದು ಇದರ ಅರ್ಥವಲ್ಲ. ಹಳಗನ್ನಡದ 'ಪಾಲ್' ಇಂದು 'ಹಾಲು' ಆಗಿದೆ, 'ಪುಲಿ' ಹುಲಿಯಾಗಿದೆ, 'ಪೋಗು' ಹೋಗು ಆಗಿದೆ. ಆದರೆ ನಾಲಗೆ ಬದಲಾದಾಗ ನಮ್ಮ ಲೇಖನಿಯೂ ಬದಲಾಯಿತು. ಱ ಮತ್ತು ೞ ಎಂಬ ಅಕ್ಷರಗಳ ಧ್ವನಿ ಮಾತಿನಿಂದ ಮರೆಯಾದ ಮೇಲೆ ಬರಹವೂ ಅವನ್ನು ಕೈಬಿಟ್ಟಿತು. ಇಂಗ್ಲಿಷಿನಲ್ಲಿ ಹೀಗಾಗಲಿಲ್ಲ. ಅಲ್ಲಿ ನಾಲಗೆ ಮುಂದೆ ಸಾಗಿತು, ಲೇಖನಿ ಹಿಂದೆ ಉಳಿಯಿತು.

ಇದಕ್ಕೆ ಐತಿಹಾಸಿಕ ಕಾರಣವಿದೆ. ವಿಲಿಯಂ ಕ್ಯಾಕ್ಸ್ಟನ್ ಎಂಬಾತ 1476ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಸ್ಥಾಪಿಸಿದ. ಮುದ್ರಣ ಬಂದೊಡನೆ ಕಾಗುಣಿತ ಕ್ರಮೇಣ ಗಟ್ಟಿಯಾಗತೊಡಗಿತು. 1755ರ ಸ್ಯಾಮ್ಯುಯಲ್ ಜಾನ್ಸನ್ನನ ನಿಘಂಟಿನ ಹೊತ್ತಿಗೆ ಬಹುಪಾಲು ಸ್ಥಿರವಾಯಿತು. ಆದರೆ ಸುಮಾರು 1400ರಿಂದ 1700ರವರೆಗಿನ ಅದೇ ಅವಧಿಯಲ್ಲಿ ಆ ಭಾಷೆಯ ದೀರ್ಘ ಸ್ವರಗಳೆಲ್ಲ ಸ್ಥಾನಪಲ್ಲಟಗೊಂಡವು. ಭಾಷಾಶಾಸ್ತ್ರಜ್ಞರು ಇದನ್ನು ಮಹಾ ಸ್ವರಪಲ್ಲಟವೆನ್ನುತ್ತಾರೆ. ಇಂದು 'ನೇಮ್' ಎನ್ನುವ ಪದವನ್ನು 1400ರಲ್ಲಿ ತೀರಿಕೊಂಡ ಕವಿ ಚಾಸರ್ ಹೆಚ್ಚುಕಡಿಮೆ 'ನಾಮ' ಎಂದೇ ಉಚ್ಚರಿಸುತ್ತಿದ್ದ. ಸಂಸ್ಕೃತದ 'ನಾಮ'ಕ್ಕೂ ಈ ಪದಕ್ಕೂ ಮೂಲ ಒಂದೇ ಎಂಬುದನ್ನು ನೆನೆದರೆ ಆಶ್ಚರ್ಯವೂ ಸಂತೋಷವೂ ಆಗುತ್ತದೆ. ಅಂತೆಯೇ 'ಟೈಮ್' ಅಂದು 'ತೀಮ'ದಂತೆ, 'ಹೌಸ್' ಅಂದು 'ಹೂಸ್' ಎಂದು ಕೇಳುತ್ತಿತ್ತು. ವೀರಯೋಧನೆಂಬ ಅರ್ಥದ 'ನೈಟ್' ಪದದ ಆದಿಯ ಕೆ ಅಕ್ಷರವನ್ನೂ ನಡುವಿನ ಜಿ, ಎಚ್ ಅಕ್ಷರಗಳ ಧ್ವನಿಯನ್ನೂ ಆಗ ಸ್ಪಷ್ಟವಾಗಿ ನುಡಿಯುತ್ತಿದ್ದರು. ಇಂದು ಆ ಅಕ್ಷರಗಳು ಹಳೆಯ ಮಾತಿನ ಸಮಾಧಿಶಿಲೆಗಳಂತೆ ನಿಂತಿವೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳ ಒಂದೇ ಗುಂಪು 'ದೋ', 'ತ್ರೂ', 'ಕಾಫ್', 'ರಫ್', 'ಬೌ' ಎಂಬ ಐದು ಪದಗಳಲ್ಲಿ ಐದು ಬಗೆಯಾಗಿ ನುಡಿಯುವುದು ಇದೇ ಇತಿಹಾಸದ ಫಲ.

ಕಾಲಭೇದದಂತೆ ದೇಶಭೇದವೂ ಉಂಟು. ಮೇಲೆ ಹೇಳಿದ 'ಹೂಸ್' ಎಂಬ ಹಳೆಯ ಉಚ್ಚಾರಣೆ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಇಂದಿಗೂ ಜೀವಂತವಾಗಿದೆ. ಸ್ನಾನವೆಂಬರ್ಥದ ಪದವನ್ನು ದಕ್ಷಿಣ ಇಂಗ್ಲೆಂಡಿನವರು 'ಬಾತ್' ಎಂದು ದೀರ್ಘವಾಗಿ ಎಳೆದರೆ, ಉತ್ತರ ಇಂಗ್ಲೆಂಡಿನವರು ಹ್ರಸ್ವವಾಗಿ ನುಡಿಯುತ್ತಾರೆ. ಅಮೆರಿಕದವರು 'ಬ್ಯಾತ್' ಎನ್ನುತ್ತಾರೆ. ಸೈನ್ಯಾಧಿಕಾರಿಯೊಬ್ಬ ಬ್ರಿಟನ್ನಿನಲ್ಲಿ 'ಲೆಫ್ಟೆನೆಂಟ್', ಅಮೆರಿಕದಲ್ಲಿ 'ಲೂಟೆನೆಂಟ್'. ನೀರಿನ ಹೆಸರಿನ ನಡುವೆ ಬರುವ ಟಕಾರವನ್ನು ಅಮೆರಿಕದವರು ಡಕಾರದ ಸಮೀಪಕ್ಕೆ ಒಯ್ಯುತ್ತಾರೆ. ಲಂಡನ್ನಿನ ಕಾಕ್ನಿ ಜನರು ಅದನ್ನು ಗಂಟಲಿನಲ್ಲಿಯೇ ನುಂಗಿಬಿಡುತ್ತಾರೆ. ಅದೇ ಕಾಕ್ನಿ ಜನರು ಪದದ ಆದಿಯ ಹಕಾರವನ್ನೂ ಬಿಡುತ್ತಾರೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಹಾಲು' ಎಂಬುದು 'ಆಲು' ಆಗುವುದನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಧಾರವಾಡ, ಮಂಗಳೂರು, ಕುಂದಾಪುರಗಳ ಕನ್ನಡ ಒಂದೇ ಬಗೆಯಲ್ಲಿಲ್ಲದಿರುವಾಗ ಇಂಗ್ಲಿಷ್ ಮಾತ್ರ ಒಂದೇ ಬಗೆಯಲ್ಲಿರಬೇಕೆಂದು ಬಯಸುವುದು ಹೇಗೆ?

ಇಷ್ಟೊಂದು ಬಗೆಗಳಲ್ಲಿ ಶ್ರೇಷ್ಠವಾದುದು ಯಾವುದು ಎಂದು ಕೇಳಬಹುದು. ರಕಾರವೊಂದರ ಕಥೆಯನ್ನು ಗಮನಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ಪದದ ಕೊನೆಯಲ್ಲಿಯೂ ವ್ಯಂಜನದ ಹಿಂದೆಯೂ ಬರುವ ರಕಾರ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೆಲ್ಲ ಕೇಳುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ಲಂಡನ್ ಮತ್ತು ದಕ್ಷಿಣ ಪ್ರಾಂತದ ಮಾತಿನಿಂದ ಜಾರತೊಡಗಿ, 'ಕಾರ್' ಎಂಬುದು 'ಕಾ' ಆಯಿತು. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಅಮೆರಿಕದ ಬಹುಭಾಗಗಳಲ್ಲಿ ರಕಾರ ಉಳಿಯಿತು. ಇಂಗ್ಲೆಂಡಿನಲ್ಲಿ ರಕಾರ ಬಿಡುವುದೇ ಶಿಷ್ಟರ ಲಕ್ಷಣವೆನಿಸಿತು. 1962ರಲ್ಲಿ ವಿಲಿಯಂ ಲೆಬೋವ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ದರ್ಜೆಯ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, 'ಫೋರ್ತ್ ಫ್ಲೋರ್' ಎಂಬ ಉತ್ತರವೇ ಬರುವಂತೆ ಸರಕಿನ ವಿಷಯವೊಂದನ್ನು ನೌಕರರಲ್ಲಿ ವಿಚಾರಿಸಿದ. ಅಂಗಡಿ ದುಬಾರಿಯಾದಷ್ಟೂ ಅಲ್ಲಿನ ನೌಕರರ ಬಾಯಲ್ಲಿ ರಕಾರ ಹೆಚ್ಚಾಗಿ ಕೇಳಿಸಿತು! ಲಂಡನ್ನಿನಲ್ಲಿ ಯಾವುದನ್ನು ಬಿಟ್ಟರೆ ಗೌರವವೋ ನ್ಯೂಯಾರ್ಕಿನಲ್ಲಿ ಅದನ್ನು ನುಡಿದರೆ ಗೌರವ. ಆದ್ದರಿಂದ ಗೌರವ ಧ್ವನಿಯಲ್ಲಿಲ್ಲ. ನುಡಿಯುವವನ ಅಂತಸ್ತಿನಲ್ಲಿದೆ ಎಂಬುದು ಸ್ಪಷ್ಟ.

ನಾವು ಬಹುಕಾಲ ಆದರ್ಶವೆಂದು ನಂಬಿದ 'ಬಿ.ಬಿ.ಸಿ. ಇಂಗ್ಲಿಷ್' ಎಂಬುದೂ ಹೀಗೆಯೇ. ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟು ದಕ್ಷಿಣ ಇಂಗ್ಲೆಂಡಿನ ಸುಶಿಕ್ಷಿತ ಕುಟುಂಬಗಳ ಮಾತನ್ನು ದಾಖಲಿಸಿತು. 1926ರಲ್ಲಿ ಬಿ.ಬಿ.ಸಿ. ಮಾತಿನ ಇಂಗ್ಲಿಷಿಗೆಂದೇ ಒಂದು ಸಲಹಾ ಸಮಿತಿಯನ್ನು ನೇಮಿಸಿತು. ನಾಟಕಕಾರ ಬರ್ನಾರ್ಡ್ ಷಾ ಸಹ ಅದರ ಅಧ್ಯಕ್ಷನಾಗಿದ್ದ. ಉಚ್ಚಾರಣೆಯಿಂದಲೇ ಮನುಷ್ಯನ ಯೋಗ್ಯತೆ ಅಳೆಯುವ ಸಮಾಜವನ್ನು 'ಪಿಗ್ಮೇಲಿಯನ್' ನಾಟಕದಲ್ಲಿ ಗೇಲಿ ಮಾಡಿದವನೂ ಅವನೇ. ಆ ಶಿಷ್ಟ ಉಚ್ಚಾರಣೆಯನ್ನು ಪೂರ್ಣವಾಗಿ ಬಳಸುವವರು ಬ್ರಿಟನ್ನಿನ ಜನರಲ್ಲಿ ನೂರಕ್ಕೆ ಮೂವರು ಮಾತ್ರವೆಂದು ಪೀಟರ್ ಟ್ರಡ್‌ಗಿಲ್ 1974ರಲ್ಲಿ ಅಂದಾಜು ಮಾಡಿದರು. ಉಳಿದ ತೊಂಬತ್ತೇಳು ಜನರಿಗೂ ಇಂಗ್ಲಿಷ್ ತಾಯ್ನುಡಿಯೇ ಅಲ್ಲವೇ?

ಇಂಗ್ಲಿಷ್ ತಾಯ್ನುಡಿಯಲ್ಲದವರು ಅದನ್ನು ನುಡಿಯುವಾಗ ಬೇರೊಂದು ನಿಯಮ ಕೆಲಸ ಮಾಡುತ್ತದೆ. ಪ್ರತಿಯೊಂದು ಜನಾಂಗವೂ ಪರಭಾಷೆಯನ್ನು ತನ್ನ ಭಾಷೆಯ ಕಿವಿಯಿಂದಲೇ ಕೇಳುತ್ತದೆ. ಪದ ವ್ಯಂಜನದಲ್ಲಿ ಮುಗಿಯುವುದು ಕನ್ನಡಕ್ಕೆ ಒಗ್ಗದು. ಆದುದರಿಂದ ನಾವು 'ಬಸ್ಸು', 'ರೋಡು' ಎನ್ನುತ್ತೇವೆ. ಜಪಾನೀಯರೂ ಇದೇ ಕಾರಣಕ್ಕಾಗಿ ಹಾಲಿನ ಇಂಗ್ಲಿಷ್ ಹೆಸರನ್ನು 'ಮಿರುಕು' ಎನ್ನುತ್ತಾರೆ. ಅವರ ಭಾಷೆಯಲ್ಲಿ ರ, ಲ ಭೇದವಿಲ್ಲ. ಆದಿಯ ಒತ್ತಕ್ಷರ ಕಷ್ಟವಾದ ಬಿಹಾರ, ಉತ್ತರ ಪ್ರದೇಶಗಳ ಹಲವರು 'ಇಸ್ಕೂಲ್' ಎಂದರೆ, ಪಂಜಾಬಿನವರು 'ಸಕೂಲ್' ಎನ್ನುತ್ತಾರೆ. ಸ್ಪೇನಿನವರು 'ಎಸ್ಕೂಲ್' ಎನ್ನುತ್ತಾರೆ. ನಮ್ಮವರು ಚಲನಚಿತ್ರವನ್ನು 'ಫಿಲಂ' ಎಂದಾಗ ನಗುವವರುಂಟು. ಆದರೆ ಐರ್ಲೆಂಡಿನ ಇಂಗ್ಲಿಷ್ ಜನರೂ ಹಾಗೆಯೇ ಎನ್ನುತ್ತಾರೆ! ಮೂರೆಂಬ ಸಂಖ್ಯೆಯ ಹೆಸರಿನಲ್ಲಿ ನಾವು ಬಳಸುವ ತಕಾರದಂತಹ ಧ್ವನಿಯನ್ನೇ ಅವರಲ್ಲಿ ಅನೇಕರು ಬಳಸುತ್ತಾರೆ.

ಆಂಗ್ಲರು ಇದಕ್ಕೆ ಹೊರತಲ್ಲ. ನಮ್ಮ ಡಕಾರ ಅವರ ಕಿವಿಗೆ ರಕಾರವಾಗಿ ಕೇಳಿಸಿತು. ಆದುದರಿಂದ ಕೊಡಗು 'ಕೂರ್ಗ್' ಆಯಿತು, ಮಡಿಕೇರಿ 'ಮರ್ಕಾರಾ' ಆಯಿತು. ಅವರು ತಮ್ಮ ತಪ್ಪು ಉಚ್ಚಾರಣೆಗೆ ನಾಚಲಿಲ್ಲ. ಅದನ್ನೇ ಭೂಪಟದಲ್ಲಿ ಅಚ್ಚುಹಾಕಿಸಿದರು. 'ಬ್ಯಾಂಗಲೋರ್' ಎಂಬುದು ಇಂಗ್ಲಿಷ್ ಬರಹದಲ್ಲಿ ಅಧಿಕೃತವಾಗಿ 'ಬೆಂಗಳೂರು' ಆಗಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಹಾಗಾದರೆ ಹೇಗೆ ನುಡಿದರೂ ಸರಿಯೇ? ಖಂಡಿತ ಅಲ್ಲ. ಮಾತಿನ ಪರಮ ಪ್ರಯೋಜನ ಕೇಳುವವನಿಗೆ ಅರ್ಥವಾಗುವುದು. ಅರ್ಥಕ್ಕೆ ಅಡ್ಡಬರುವ ತಪ್ಪುಗಳನ್ನು ತಿದ್ದಲೇಬೇಕು. ಅಡ್ಡಬಾರದ ವ್ಯತ್ಯಾಸಗಳನ್ನು ಬಿಟ್ಟುಬಿಡಬಹುದು. ಈ ವಿವೇಕವೇ ಅಧ್ಯಾಪಕನಿಗೆ ಬೇಕಾದುದು. ಬೀಸಣಿಗೆಯ 'ಫ್ಯಾನ್' ಬಾಣಲೆಯ 'ಪ್ಯಾನ್' ಆದರೆ ಅರ್ಥ ಕೆಡುತ್ತದೆ. ಹಡಗಿನ 'ಷಿಪ್' ಹ್ರಸ್ವ, ಕುರಿಯ 'ಷೀಪ್' ದೀರ್ಘ. ಹ್ರಸ್ವದೀರ್ಘಗಳನ್ನು ತೊಟ್ಟಿಲಿನಿಂದಲೇ ಬಲ್ಲ ಕನ್ನಡದ ಮಗುವಿಗೆ ಇದನ್ನು ಕಲಿಸುವುದು ಸುಲಭ. ಎಕಾರದಿಂದ ತೊಡಗುವ ಪದಕ್ಕೆ ಯಕಾರವನ್ನೂ ಒಕಾರದಿಂದ ತೊಡಗುವ ಪದಕ್ಕೆ ವಕಾರವನ್ನೂ ಸೇರಿಸುವ ನಮ್ಮ ರೂಢಿಯನ್ನು ಮೃದುವಾಗಿ ತಿದ್ದಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಒತ್ತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ತಕ್ಕ ಬೆಲೆಯುಂಟು. ಇಂಗ್ಲಿಷಿನಲ್ಲಾದರೋ ಒಂದು ಅಕ್ಷರದ ಮೇಲೆ ಬಲ ಬಿದ್ದು, ಉಳಿದವು ಕ್ಷೀಣಿಸುತ್ತವೆ. 'ಫೋಟೊಗ್ರಾಫ್' ಎಂಬಲ್ಲಿ ಬಲ ಮೊದಲನೆಯ ಅಕ್ಷರಕ್ಕೆ; ಛಾಯಾಗ್ರಾಹಕನೆಂಬ ಪದದಲ್ಲಿ ಅದು ಎರಡನೆಯದಕ್ಕೆ ಸರಿದು 'ಫಟಾಗ್ರಫರ್' ಆಗುತ್ತದೆ; 'ಫೋಟೊಗ್ರ್ಯಾಫಿಕ್' ಎಂಬಲ್ಲಿ ಮೂರನೆಯದಕ್ಕೆ ಹೋಗುತ್ತದೆ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿ ಆರ್. ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಅನ್ಯರಿಗೆ ಎಷ್ಟು ಅರ್ಥವಾಗುತ್ತದೆಂಬುದನ್ನು ಪರೀಕ್ಷಿಸಿ 1969ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅರ್ಥವಾಗದಿರುವುದಕ್ಕೆ ಒತ್ತಿನ ದೋಷವೂ ಒಂದು ಮುಖ್ಯ ಕಾರಣವೆಂಬುದು ಅದರಿಂದ ತಿಳಿಯಿತು. ಹೊಸ ಪದವನ್ನು ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆಯೊಂದನ್ನು ಎಳೆದರೆ ಸಾಕು. ಅದಕ್ಕೆ ಹಣ ಬೇಕಿಲ್ಲ, ಗಮನ ಬೇಕು.

ಉದಾರ ದಾನಿಗಳಲ್ಲಿ ಒಂದು ವಿನಂತಿ: ಶಾಲೆಯ ಗ್ರಂಥಾಲಯಕ್ಕೆ ಬ್ರಿಟಿಷ್, ಅಮೆರಿಕನ್ ಉಚ್ಚಾರಣೆಗಳೆರಡನ್ನೂ ತೋರಿಸುವ ನಿಘಂಟುಗಳು ಬರಲಿ. ಹೊರನಾಡುಗಳಲ್ಲಿ ನೆಲಸಿರುವ ಹಿರಿಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಗಂಟೆ ತರಗತಿಯಲ್ಲಿ ಕುಳಿತು, ತಾವು ಕೇಳಿದ ಬಗೆಬಗೆಯ ಇಂಗ್ಲಿಷನ್ನು ಮಕ್ಕಳಿಗೆ ಪರಿಚಯಿಸಲಿ. ಸಹೋದ್ಯೋಗಿಗಳಿಗೆ ನಾನು ಹೇಳಬಯಸುವುದು ಇಷ್ಟೇ: ತಿದ್ದುವುದು ನಮ್ಮ ಧರ್ಮ, ನಗುವುದಲ್ಲ.

ಎಷ್ಟೋ ವರ್ಷಗಳ ತರುವಾಯ ನಿಘಂಟೊಂದನ್ನು ತಿರುವಿಹಾಕುತ್ತಿದ್ದಾಗ ಬುಧವಾರದ ಹೆಸರು ಕಣ್ಣಿಗೆ ಬಿತ್ತು. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಅದರ ಡಕಾರವನ್ನು ಉಚ್ಚರಿಸುವ ರೂಢಿ ಇಂದಿಗೂ ಇದೆಯೆಂದು ಆಗ ನನಗೆ ತಿಳಿಯಿತು. ನಾವೆಲ್ಲ ನಕ್ಕಿದ್ದ ಆ ಡಕಾರ ಅಲ್ಲಿ ಯಾರಿಗೂ ನಗೆ ತರಿಸದು. ಇದನ್ನು ಆ ಬಾಲಕನಿಗೆ ತಿಳಿಸುವ ಅವಕಾಶ ನನಗೆ ಒದಗಲಿಲ್ಲ. ಆ ಋಣವನ್ನು ಈ ಲೇಖನದ ಮೂಲಕ ಅಲ್ಪಸ್ವಲ್ಪವಾದರೂ ತೀರಿಸುವ ಯತ್ನ ಮಾಡಿದ್ದೇನೆ.