ನೆಲದಲ್ಲಿ ಹೂತ ಗುಡಾಣದ ವಿಜ್ಞಾನ

ಕಾಖೇತಿ ಪ್ರಾಂತ್ಯದ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ‘ಮರಾನಿ’ ಎಂಬ ಕೋಣೆ ಇರುತ್ತದೆ. ದ್ರಾಕ್ಷಿಯಿಂದ ವೈನ್ ತಯಾರಾಗುವ ಜಾಗ ಅದು. ಮೊದಲ ಸಲ ಒಳಗೆ ಕಾಲಿಟ್ಟವರಿಗೆ ಕೋಣೆ ಬರಿದೆನಿಸುತ್ತದೆ. ಚಿತ್ರಗಳಲ್ಲಿ ಕಾಣುವ ಮರದ ಪೀಪಾಯಿಗಳ ಸಾಲು ಅಲ್ಲಿಲ್ಲ. ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಬಾಯಿಗಳಷ್ಟೇ ಕಾಣುತ್ತವೆ. ಒಂದೊಂದು ಬಾಯಿಯ ಕೆಳಗೂ ಕತ್ತಿನವರೆಗೆ ಹೂತಿಟ್ಟ ಮಣ್ಣಿನ ಗುಡಾಣವಿದೆ. ಅದೇ ‘ಕ್ವೆವ್ರಿ’.

ಕಾಖೇತಿ ಇರುವುದು ಜಾರ್ಜಿಯಾದಲ್ಲಿ. ಇದು ಅಮೆರಿಕದ ರಾಜ್ಯವಲ್ಲ. ಕಪ್ಪು ಸಮುದ್ರಕ್ಕೂ ಕಾಕಸಸ್ ಪರ್ವತಗಳಿಗೂ ತಾಗಿಕೊಂಡಿರುವ ಪುಟ್ಟ ದೇಶ. ಇಲ್ಲಿ 500ಕ್ಕೂ ಹೆಚ್ಚು ನಾಡತಳಿಯ ದ್ರಾಕ್ಷಿಗಳಿವೆ. ರಾಜಧಾನಿ ತ್ಬಿಲಿಸಿಯ ದಕ್ಷಿಣಕ್ಕೆ ಗಡಾಚ್ರಿಲಿ ಗೋರಾ ಮತ್ತು ಶುಲಾವೆರಿಸ್ ಗೋರಾ ಎಂಬ ಎರಡು ದಿಬ್ಬಗಳಿವೆ. ಅಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ವೈನ್‌ನ ಕುರುಹು ಇದೆಯೆಂದು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಚೂರುಗಳ ವಯಸ್ಸು ಸುಮಾರು 8,000 ವರ್ಷ!

ಅಷ್ಟು ಹಳೆಯ ಮಡಕೆಯಲ್ಲಿ ವೈನ್ ಇತ್ತೆಂದು ತಿಳಿದದ್ದು ಹೇಗೆ? ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಟಾರ್ಟಾರಿಕ್ ಆಮ್ಲ ಉಳಿದಿತ್ತು. ಈ ಆಮ್ಲ ಹೇರಳವಾಗಿರುವ ಹಣ್ಣುಗಳು ಕಡಿಮೆ. ಆ ಸೀಮೆಯಲ್ಲಿ ದ್ರಾಕ್ಷಿಯೇ ಅದರ ಮುಖ್ಯ ಮೂಲ. ನಮ್ಮಲ್ಲಾದರೆ ಹುಣಸೆಹಣ್ಣು. ಸಾರಿಗೆ ಹುಳಿ ಕೊಡುವ ಆಮ್ಲವೇ ಅಲ್ಲಿ ಇತಿಹಾಸಕ್ಕೆ ಸಾಕ್ಷಿ ನುಡಿದಿದೆ.

ಮರ ಕೊಡುವುದು, ಮಣ್ಣು ಕೊಡದಿರುವುದು

ಯುರೋಪಿನ ಬಹಳಷ್ಟು ಕೆಂಪು ವೈನ್‌ಗಳನ್ನು ಓಕ್ ಮರದ ಪೀಪಾಯಿಗಳಲ್ಲಿ ಹಳತು ಮಾಡುತ್ತಾರೆ. ಮರದಿಂದ ಒಗರು ಕೊಡುವ ಟ್ಯಾನಿನ್ ಇಳಿಯುತ್ತದೆ. ವೆನಿಲ್ಲಾ ಪರಿಮಳದ ವೆನಿಲಿನ್ ಕೂಡ ಇಳಿಯುತ್ತದೆ. ಒಳಭಾಗವನ್ನು ಬೆಂಕಿಯಲ್ಲಿ ಸುಟ್ಟಿದ್ದರೆ ಹೊಗೆಯ ವಾಸನೆಯೂ ಸೇರುತ್ತದೆ. ಹಣ್ಣಿನ ಸಣ್ಣಪುಟ್ಟ ಕೊರತೆಗಳನ್ನು ಈ ಪರಿಮಳಗಳು ಮುಚ್ಚಿಬಿಡಬಲ್ಲವು.

ಒಳಗೆ ಜೇನುಮೇಣ ಸವರಿದ ಗುಡಾಣ ಹೀಗೆ ಪರಿಮಳ ಸೇರಿಸುವುದಿಲ್ಲ. ಹಣ್ಣಿನ ಗುಣವೂ ದೋಷವೂ ಇದ್ದ ಹಾಗೆಯೇ ಹೊರಬೀಳುತ್ತವೆ. ಆದ್ದರಿಂದ ಇಲ್ಲಿ ವೈನ್‌ನ ಹದ ನಿರ್ಧಾರವಾಗುವುದು ತೋಟದಲ್ಲಿ.

ಇಂಥ ತೋಟಗಳನ್ನು ಸಾವಯವ ವಿಧಾನದಲ್ಲಿ ನಡೆಸುವ ಕುಟುಂಬಗಳು ಕೃತಕ ಕೀಟನಾಶಕ, ರಾಸಾಯನಿಕ ಗೊಬ್ಬರ ಬಳಸುವುದಿಲ್ಲ. ಹಾಗೆಂದು ಸಾವಯವ ಎಂದರೆ ಸಿಂಪಡಣೆಯೇ ಇಲ್ಲವೆಂದಲ್ಲ. ಬೂದಿರೋಗಕ್ಕೆ ಗಂಧಕ, ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಬಳಸಲು ಅವಕಾಶವಿದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವುದೂ ಇದನ್ನೇ. ಅದು ಬಳಕೆಗೆ ಬಂದದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದರಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಶೇಖರವಾಗುತ್ತದೆ. ಅದಕ್ಕೇ ಯುರೋಪಿಯನ್ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗ್ರಾಂ ತಾಮ್ರವೆಂಬ ಮಿತಿ ಹಾಕಿದೆ.

ಒಂದು ಲೀಟರ್ ರಸ, ಐವತ್ತು ಲೀಟರ್ ಅನಿಲ

ಸೆಪ್ಟೆಂಬರ್–ಅಕ್ಟೋಬರ್ ಇಲ್ಲಿ ಕೊಯ್ಲಿನ ಕಾಲ. ಅದನ್ನು ‘ರ್ತ್ವೆಲಿ’ ಎನ್ನುತ್ತಾರೆ. ನೆಂಟರು, ನೆರೆಯವರು ಎಲ್ಲರೂ ತೋಟಕ್ಕಿಳಿಯುತ್ತಾರೆ. ಕೆಂಪು ವೈನ್‌ಗೆ ಹೆಸರಾದ ತಳಿ ‘ಸಪೆರಾವಿ’. ಹೆಚ್ಚಿನ ಕಪ್ಪು ದ್ರಾಕ್ಷಿಗಳಲ್ಲಿ ಬಣ್ಣವಿರುವುದು ಸಿಪ್ಪೆಯಲ್ಲಿ ಮಾತ್ರ. ಸಪೆರಾವಿಯ ತಿರುಳೂ ಕೆಂಪು. ಹೆಸರಿಗೂ ಬಣ್ಣ ಹಾಕುವುದು ಎಂಬ ಅರ್ಥವೇ ಇದೆ. ಹಣ್ಣನ್ನು ಹಳೆಯ ರೀತಿಯಲ್ಲಿ ಮರದ ದೋಣಿಯಲ್ಲಿ ಕಾಲಿನಿಂದ ತುಳಿದು, ರಸವನ್ನು ಸಿಪ್ಪೆ ಬೀಜಗಳ ಸಮೇತ ಗುಡಾಣಕ್ಕೆ ಸುರಿಯುತ್ತಾರೆ.

ಮುಂದಿನ ಕೆಲಸ ಯೀಸ್ಟ್ ಎಂಬ ಸೂಕ್ಷ್ಮಜೀವಿಯದು. ಹೆಪ್ಪು ಹಾಕುವಂತೆ ಅದನ್ನು ಹೊರಗಿನಿಂದ ಸೇರಿಸುವುದಿಲ್ಲ. ಹಣ್ಣಿನ ಮೇಲೂ ಮರಾನಿಯಲ್ಲೂ ಇರುವ ಯೀಸ್ಟೇ ಸಾಕು. ಅದು ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಲೀಟರಿಗೆ 220 ಗ್ರಾಂ ಸಕ್ಕರೆ ಇರುವ ರಸ ಪೂರ್ತಿ ಹುದುಗಿದರೆ ಶೇಕಡಾ 13ರಷ್ಟು ಮದ್ಯಸಾರ ಬರುತ್ತದೆ. ಜೊತೆಗೆ 50 ಲೀಟರಿಗೂ ಹೆಚ್ಚು ಅನಿಲ. ಸಾವಿರ ಲೀಟರಿನ ಗುಡಾಣದಿಂದ ಎಷ್ಟು ಅನಿಲ ಹೊರಡುತ್ತದೆ, ಲೆಕ್ಕ ಹಾಕಿ ನೋಡಿ.

ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಣ್ಣವಿಲ್ಲದೆ ತಗ್ಗಿನಲ್ಲಿ ನಿಲ್ಲುತ್ತದೆ. ಎಚ್ಚರ ತಪ್ಪಿ ತಗ್ಗಿಗಿಳಿದವರ ಉಸಿರು ಕಟ್ಟಿಸಿಬಿಡುತ್ತದೆ. ಹಾಳುಬಾವಿಗಳಲ್ಲಿ ಆಗುವ ದುರಂತಗಳ ಹಿಂದೆಯೂ ಎಷ್ಟೋ ಸಲ ಇದೇ ಅನಿಲವಿರುತ್ತದೆ. ಆದ್ದರಿಂದ ಹುದುಗುವ ದಿನಗಳಲ್ಲಿ ಮರಾನಿಗೆ ಗಾಳಿಯಾಡಲೇಬೇಕು.

ಹುದುಗುವಾಗ ಶಾಖವೂ ಹುಟ್ಟುತ್ತದೆ. ಅತಿ ಶಾಖಕ್ಕೆ ಯೀಸ್ಟ್ ಸಾಯುತ್ತದೆ. ಸುತ್ತಲಿನ ತಂಪು ಮಣ್ಣು ಆ ಶಾಖವನ್ನು ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಿಮದ ಕೊರೆತದಿಂದಲೂ ಕಾಪಾಡುತ್ತದೆ. ಕರೆಂಟು ಬೇಡದ ಶೀತಕ ಇದು! ಗುಡಾಣದ ತಳ ಮೊಟ್ಟೆಯಂತೆ ಚೂಪಾಗಿರುವುದಕ್ಕೂ ಕಾರಣವಿದೆ. ಗಷ್ಟೂ ಬೀಜವೂ ಆ ಇಕ್ಕಟ್ಟಿನಲ್ಲಿ ಇಳಿದು ಕೂರುತ್ತವೆ, ಮೇಲಿನ ವೈನ್ ತಿಳಿಯಾಗಿ ನಿಲ್ಲುತ್ತದೆ.

ಹುದುಗುವುದು ಮುಗಿದ ಮೇಲೆ ಕೆಂಪು ವೈನನ್ನು ಸಿಪ್ಪೆಯಿಂದ ಬೇರ್ಪಡಿಸಿ, ಇನ್ನೊಂದು ಗುಡಾಣಕ್ಕೆ ತುಂಬಿ, ಬಾಯಿ ಮುಚ್ಚಿಡುತ್ತಾರೆ. ಬ್ಯಾಕ್ಟೀರಿಯಾಗಳು ಒಳಗಿನ ಚುರುಕು ಹುಳಿಯ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ವಸಂತಕ್ಕೆ ಮುಚ್ಚಳ ತೆರೆಯುತ್ತದೆ. ಬರಿದಾದ ಗುಡಾಣವನ್ನು ಚೆರ್ರಿ ಮರದ ತೊಗಟೆಯ ಕುಂಚದಿಂದ ಉಜ್ಜಿ ತೊಳೆಯುತ್ತಾರೆ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಮುಂದಿನ ವರ್ಷ ಸಿಗುವುದು ವೈನ್ ಅಲ್ಲ, ವಿನೆಗರ್.

ಕೈತಪ್ಪಲಿದ್ದ ವಿದ್ಯೆ

ಸೋವಿಯತ್ ಆಡಳಿತದಲ್ಲಿ ವೈನ್ ತಯಾರಿಕೆ ದೊಡ್ಡ ಸರ್ಕಾರಿ ಕಾರ್ಖಾನೆಗಳ ಪಾಲಾಯಿತು. ಗುಡಾಣಗಳು ಮನೆಬಳಕೆಗಷ್ಟೇ ಉಳಿದವು. 1985ರಲ್ಲಿ ಗೊರ್ಬಚೆವ್ ಆರಂಭಿಸಿದ ಮದ್ಯವಿರೋಧಿ ಆಂದೋಲನದಲ್ಲಿ ಎಷ್ಟೋ ದ್ರಾಕ್ಷಿ ತೋಟಗಳನ್ನು ಕಿತ್ತುಹಾಕಲಾಯಿತು. ಸ್ವತಂತ್ರವಾದ ಮೇಲೂ ಪೆಟ್ಟು ತಪ್ಪಲಿಲ್ಲ. ರಫ್ತಿನ ಬಹುಪಾಲನ್ನು ಕೊಳ್ಳುತ್ತಿದ್ದ ರಷ್ಯಾ 2006ರಲ್ಲಿ ಜಾರ್ಜಿಯಾದ ವೈನನ್ನು ನಿಷೇಧಿಸಿತು. ಅದು ತೆರವಾದದ್ದು 2013ರಲ್ಲಿ.

ಆ ಸಂಕಟವೇ ದಾರಿಯನ್ನೂ ತೋರಿಸಿತು. ಬೇರೆ ದೇಶಗಳ ಗಿರಾಕಿಗಳಿಗೆ ಕೊಡಲು ಇನ್ನೆಲ್ಲೂ ಸುಲಭಕ್ಕೆ ಸಿಗದ ಸರಕು ಬೇಕಿತ್ತು. ಅದು ಸಣ್ಣ ಕುಟುಂಬಗಳ ಮರಾನಿಗಳಲ್ಲಿ ಉಳಿದುಕೊಂಡಿತ್ತು. 2013ರಲ್ಲೇ ಯುನೆಸ್ಕೊ ಕ್ವೆವ್ರಿ ವಿಧಾನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೂ ಆತಂಕ ಮುಗಿದಿಲ್ಲ. ಗುಡಾಣ ಮಾಡಬಲ್ಲ ಕುಂಬಾರ ಕುಟುಂಬಗಳು ಕೆಲವೇ ಕೆಲವು. ದೊಡ್ಡ ಗುಡಾಣವನ್ನು ತಿಗರಿಯ ಮೇಲೆ ತಿರುಗಿಸಲಾಗದು. ಮಣ್ಣಿನ ಸುರುಳಿಗಳನ್ನು ಕೈಯಿಂದ ಒಂದರ ಮೇಲೊಂದು ಕೂರಿಸಬೇಕು. ಕೆಳಗಿನ ಸುತ್ತು ಆರಿ ಗಟ್ಟಿಯಾದ ಮೇಲೆಯೇ ಮೇಲಿನದು. ವಾರಗಟ್ಟಲೆ ಹಿಡಿಯುವ ಕೆಲಸ. ಹೂತ ಮೇಲೆ ಬಿರುಕು ಬಿಟ್ಟರೆ ವರ್ಷದ ಬೆಳೆ ಮಣ್ಣುಪಾಲು. ಅಪ್ಪನ ಕೈ ನೋಡಿಯೇ ಮಗ ಕಲಿಯಬೇಕಾದ ವಿದ್ಯೆ ಇದು. ಒಂದು ತಲೆಮಾರು ಬಿಟ್ಟರೆ ಮತ್ತೆ ದಕ್ಕುವುದು ಕಷ್ಟ.

ಮನೆಯಲ್ಲೇ ಮಾಡಿ ನೋಡಿ

ಮಣ್ಣಿನಲ್ಲಿಟ್ಟರೂ ಮರದಲ್ಲಿಟ್ಟರೂ, ಸಾವಯವವಾದರೂ ಮದ್ಯಸಾರ ಮದ್ಯಸಾರವೇ. ಅದು ಕ್ಯಾನ್ಸರ್‌ಕಾರಕ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇದರ ವಿಜ್ಞಾನ ತಿಳಿಯಲು ವೈನ್ ಬೇಕಿಲ್ಲ. ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ಬೇಕರಿ ಯೀಸ್ಟ್ ಹಾಕಿ ಬಾಯಿಗೆ ಬಲೂನು ಕಟ್ಟಿ. ಸ್ವಲ್ಪ ಹೊತ್ತಿನಲ್ಲಿ ಬಲೂನು ಉಬ್ಬುತ್ತದೆ. ಆ ಅನಿಲವನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪ್ರಯೋಗ ಮುಗಿದ ಮೇಲೆ ಬಾಟಲಿಯಲ್ಲಿರುವುದನ್ನು ಚೆಲ್ಲಿಬಿಡಿ. ಕಾಖೇತಿಯ ನೆಲದೊಳಗೆ ಪ್ರತಿ ಶರತ್ಕಾಲದಲ್ಲೂ ನಡೆಯುವುದು ಇದೇ ಕ್ರಿಯೆ.