ಕುಬ್ಬರ್ ದ್ವೀಪದಲ್ಲಿ ಒಂದು ಶುಕ್ರವಾರ

ಕುವೈತಿಗೆ ಬಂದು ವರ್ಷಗಳಾದರೂ ನಮ್ಮಲ್ಲಿ ಹೆಚ್ಚಿನವರು ಸಮುದ್ರ ನೋಡಿದ್ದು ದಡದಿಂದಲೇ. ಹೋದ ತಿಂಗಳು ಹತ್ತು ಮಂದಿ ದೋಣಿ ಬಾಡಿಗೆ ಹಂಚಿಕೊಂಡು, ಸುಮಾರು 30 ಕಿ.ಮೀ. ದೂರದ ಕುಬ್ಬರ್ ದ್ವೀಪಕ್ಕೆ ಹೋದೆವು. ಅಲ್ಲಿ ಅಂಗಡಿಯಿಲ್ಲ, ನೀರು, ಬುತ್ತಿ ನಾವೇ ಒಯ್ಯಬೇಕು.

ಆರು ಮಂದಿಗೆ ಈಜು ಬಾರದು. ರಾಯಚೂರು ಕಡೆಯ ಗೆಳೆಯರೊಬ್ಬರು, ‘ನಾ ದೋಣ್ಯಾಗೇ ಕುಂದರ್ತೀನ್ರಿ’ ಅಂದರು. ಲೈಫ್ ಜಾಕೆಟ್ ತೊಡಿಸಿ, ಕೈ ಹಿಡಿದು ಇಳಿಸಿದೆವು. ಮಾಸ್ಕ್ ಹಾಕಿ ಮುಖ ಮುಳುಗಿಸಿದರೆ ಕೆಳಗೆ ಹವಳ, ಬಣ್ಣದ ಮೀನು! ಆಮೇಲೆ ಅವರನ್ನು ಮೇಲೆ ಕರೆಯೋದೇ ಕಷ್ಟವಾಯ್ತು.

ಹೋಗುವವರಿಗೆ ಒಂದು ಮಾತು: ಹವಳಕ್ಕೆ ಜೀವವಿದೆ, ತುಳಿಯಬೇಡಿ. ಬೇಸಿಗೆಯಲ್ಲಿ ಕಡಲಹಕ್ಕಿಗಳು ನೆಲದ ಮೇಲೇ ಮೊಟ್ಟೆಯಿಡುತ್ತವೆ, ನೋಡಿ ನಡೆಯಿರಿ. ಕಸ ವಾಪಸ್ ತನ್ನಿ.

ಅಂದು ರಾತ್ರಿ ಆ ಗೆಳೆಯರು ಊರಿಗೆ ಫೋನ್ ಮಾಡಿ, ಡ್ಯೂಟಿ, ಸಂಬಳದ ಮಾತೇ ಎತ್ತದೆ ಮೀನಿನ ಸುದ್ದಿ ಹೇಳುತ್ತಿದ್ದರು.